ಕೊಳ್ಳುವ ಮನೆಯ ನಕ್ಷೆಯನ್ನು ಹುಡುಕಿ ತೆಗೆದ ಬಗೆ

ಕ್ರಯಪತ್ರ, ಖಾತಾ, ಋಣಭಾರ ಪತ್ರ, ಕಂದಾಯದ ರಸೀದಿ, ಇಷ್ಟು ಕೈಗೆ ಬಂದರೆ ಹಳೆಯ ಮನೆಯೊಂದನ್ನು ಕೊಳ್ಳಲು ಬೇಕಾದ ಕಾಗದಪತ್ರಗಳೆಲ್ಲ ಬಂದಂತೆ ಎಂದೇ ನಾನು ಬಹುಕಾಲ ತಿಳಿದಿದ್ದೆ. ಬೆಂಗಳೂರಿನ ಹೊರವಲಯದಲ್ಲಿ 30x40 ನಿವೇಶನದ ಮೇಲೆ 1998ರಲ್ಲಿ ಕಟ್ಟಿದ ಮನೆಯೊಂದನ್ನು ನಾವು ಮೆಚ್ಚಿ ಬ್ಯಾಂಕಿಗೆ ಹೋದಾಗ, ಅಲ್ಲಿನವರು ಮೊದಲು ಕೇಳಿದ್ದೇ ಮಂಜೂರಾದ ನಕ್ಷೆಯನ್ನು. ಖಾತೆ ಎಂಬುದು ತೆರಿಗೆಯ ಲೆಕ್ಕಕ್ಕಾಗಿ ಇರುವ ದಾಖಲೆ. ಮನೆಯನ್ನು ಅನುಮತಿ ಪಡೆದು ಕಟ್ಟಿದ್ದಾರೆಯೇ, ಪಡೆದ ಅನುಮತಿಯಂತೆಯೇ ಕಟ್ಟಿದ್ದಾರೆಯೇ ಎಂಬುದನ್ನು ಅದು ಹೇಳುವುದಿಲ್ಲ.

ಮನೆಯ ಒಡತಿ ಎಪ್ಪತ್ತು ದಾಟಿದ ಹಿರಿಯರು. ನಕ್ಷೆಯ ಮಾತೆತ್ತಿದಾಗ, "ಕಾಗದ ಪತ್ರ ಎಲ್ಲಾ ನಮ್ಮ ಯಜಮಾನರೇ ನೋಡ್ಕೋತಿದ್ರು ಕಣಪ್ಪ, ನಂಗೆ ಬೀರು ಬೀಗದಕೈ ಇಡೋ ಜಾಗ ಒಂದೇ ಗೊತ್ತು" ಎಂದರು. ಬೀರುವಿನಲ್ಲಿ ನಕ್ಷೆ ಇರಲಿಲ್ಲ. ಸಂಬಂಧಪಟ್ಟ ಕಚೇರಿಗೆ ಹೋದರೆ, ಪರವಾನಗಿ ಸಂಖ್ಯೆ ಇಲ್ಲದೆ ಕಡತ ಹುಡುಕಲು ಆಗುವುದಿಲ್ಲವೆಂಬ ಉತ್ತರ ಬಂತು. ಅದನ್ನು ಪೂರ್ತಿ ತಪ್ಪೆನ್ನಲಾರೆ. 2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ಮಾಡಿದರು; 2025ರಲ್ಲಿ ಅದನ್ನೂ ಒಡೆದು ಐದು ಪಾಲಿಕೆಗಳನ್ನಾಗಿಸಿದರು. ಆದುದರಿಂದ ಹಳೆಯ ಮನೆಯ ನಕ್ಷೆ ಬೇಕಾದವರು ಮೊದಲು ವಿಚಾರಿಸಬೇಕಾದದ್ದು, ಮನೆ ಕಟ್ಟಿದ ವರ್ಷ ಆ ಬೀದಿ ಯಾರ ವ್ಯಾಪ್ತಿಯಲ್ಲಿತ್ತು ಎಂಬುದನ್ನು: ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ), ನಗರಸಭೆ ಅಥವಾ ಪಂಚಾಯಿತಿ.

ಪರವಾನಗಿ ಸಂಖ್ಯೆ ನಮಗೆ ಸಿಕ್ಕಿದ್ದು ನಿರೀಕ್ಷಿಸದ ಕಡೆಯಲ್ಲಿ. ಆ ಮನೆಯ ಯಜಮಾನರು ಕಟ್ಟುವಾಗ ಸಾಲ ಮಾಡಿ, ತೀರಿಸಿ, ಅಡವಿಟ್ಟ ದಾಖಲೆಗಳನ್ನು ಬಿಡಿಸಿಕೊಂಡಿದ್ದರು. ಹಾಗೆ ಹಿಂದಿರುಗಿಸುವಾಗ ಬ್ಯಾಂಕು ಕೊಟ್ಟಿದ್ದ ಪಟ್ಟಿ ಬೀರುವಿನಲ್ಲಿಯೇ ಇತ್ತು. ಅದರ ಐದನೆಯ ಸಾಲಿನಲ್ಲಿ ಕಟ್ಟಡ ಪರವಾನಗಿಯ ಸಂಖ್ಯೆಯೂ ದಿನಾಂಕವೂ ಟೈಪಾಗಿದ್ದವು. ಸಾಲ ಮಾಡಿ ಕಟ್ಟಿದ ಮನೆಯಾದರೆ ಇಂಥ ಪಟ್ಟಿಯನ್ನು ತಪ್ಪದೆ ಕೇಳಿ ಪಡೆಯಿರಿ.

ಆಮೇಲೆ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದೆವು. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದಗಳನ್ನು ಮೀರಬಾರದು. ಅರ್ಜಿಯನ್ನು ನನ್ನ ಹೆಸರಿನಲ್ಲಿ ಹಾಕದೆ ಒಡತಿಯ ಹೆಸರಿನಲ್ಲಿಯೇ ಹಾಕಿಸಿದ್ದು ನಮ್ಮ ವಕೀಲರ ಸಲಹೆ. ಕೊಳ್ಳುವವರು ಕೇಳಿದರೆ ಅದು ಮೂರನೆಯವರ ಮಾಹಿತಿ ಎಂಬ ಕಾರಣ ಕೊಟ್ಟು ತಿರಸ್ಕರಿಸಲು ಅವಕಾಶವಿದೆ, ಮಾಲೀಕರೇ ಕೇಳಿದರೆ ಆ ಮಾತು ಬರುವುದಿಲ್ಲ. 30 ದಿನಗಳೊಳಗೆ ಬರಬೇಕಾದ ಉತ್ತರ ಬರಲಿಲ್ಲ. ಮೊದಲ ಮೇಲ್ಮನವಿ ಸಲ್ಲಿಸಿದ ಮೇಲೆ ಕಡತ ಸಿಕ್ಕಿತು.

ದೃಢೀಕೃತ ಪ್ರತಿಯನ್ನು ಊಟದ ಮೇಜಿನ ಮೇಲೆ ಹರಡಿ ನೋಡಿದೆವು. ಮೂಲ ಹಾಳೆಯ ಮಡಿಕೆಗಳು ಕಪ್ಪು ಗೆರೆಗಳಾಗಿ ಮೂಡಿದ್ದರೂ ಅಳತೆಗಳನ್ನು ಓದಬಹುದಿತ್ತು. ನೆಲಮಹಡಿ ಮತ್ತು ಮೊದಲ ಮಹಡಿಗೆ ಮಾತ್ರ ಮಂಜೂರಾತಿ. ಪೂರ್ವದ ಬದಿಗೆ ಮೂರು ಅಡಿ ಜಾಗ ಬಿಡಬೇಕೆಂದಿತ್ತು. ನಾವು ಟೇಪು ಹಿಡಿದು ಅಳೆದಾಗ ಆ ಓಣಿ ಒಂದು ಅಡಿ ನಾಲ್ಕು ಅಂಗುಲವಿತ್ತು, ತಾರಸಿಯ ಮೇಲಿನ ಕೋಣೆ ಹಾಳೆಯಲ್ಲಿ ಇರಲೇ ಇಲ್ಲ. ಮಧ್ಯವರ್ತಿ "ಅದೆಲ್ಲ ಸಕ್ರಮ ಆಗುತ್ತೆ ಸಾರ್" ಎಂದರು. ನಿಯಮ ಮೀರಿ ಕಟ್ಟಿದ್ದನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿಯೇ ತಡೆ ನೀಡಿದೆ. ಆ ಭರವಸೆಯ ಮೇಲೆ ಯಾರೂ ಹಣ ಹೂಡಬಾರದು.

ಮಂಜೂರಾದ ನಕ್ಷೆ ಮನೆ ಹೇಗಿರಬೇಕಿತ್ತು ಎಂಬುದನ್ನು ಹೇಳುತ್ತದೆ, ಈಗ ಹೇಗಿದೆ ಎಂಬುದನ್ನಲ್ಲ. ಅದಕ್ಕಾಗಿ ಸಿವಿಲ್ ಎಂಜಿನಿಯರ್ ಒಬ್ಬರಿಂದ ಇರುವ ಮನೆಯನ್ನೇ ಅಳೆಯಿಸಿ ಇನ್ನೊಂದು ನಕ್ಷೆ ಬರೆಸಿದೆವು. ಈ ಖರ್ಚು ದಂಡವೆಂದು ಬಂಧುಗಳು ಹೇಳಿದ್ದುಂಟು, ನನಗೆ ಹಾಗನ್ನಿಸಲಿಲ್ಲ. ಹಾಲ್ ಮತ್ತು ಅಡುಗೆಮನೆಯ ನಡುವಿನ ಗೋಡೆಯನ್ನು ಒಡೆದು ಒಂದಾಗಿಸುವುದು ನಮ್ಮ ಆಸೆಯಾಗಿತ್ತು. ಎಂಜಿನಿಯರ್ ಬಾಗಿಲ ಚೌಕಟ್ಟಿನ ಬಳಿ ಟೇಪು ಇಟ್ಟು ತೋರಿಸಿದರು: ಗಿಲಾವು ಬಿಟ್ಟು ಒಂಬತ್ತು ಅಂಗುಲ. ಮಲಗುವ ಕೋಣೆಗಳ ನಡುವಿನದು ನಾಲ್ಕೂವರೆ ಅಂಗುಲದ ಅಡ್ಡಗೋಡೆಯಾದರೆ, ಇದು ಮೇಲಿನ ಸ್ಲ್ಯಾಬಿನ ಭಾರವನ್ನೇ ಹೊತ್ತ ಗೋಡೆ. ಸಂಪು ಮತ್ತು ಒಳಚರಂಡಿಯ ಚೇಂಬರಿನ ನಡುವೆ ಎಷ್ಟು ಅಂತರವಿದೆ ಎಂಬುದನ್ನೂ ಅವರು ಅದೇ ಹಾಳೆಯಲ್ಲಿ ಗುರುತಿಸಿಕೊಟ್ಟರು.

ಎರಡು ಹಾಳೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ಒಡತಿಯೊಂದಿಗೆ ಕುಳಿತು ಮಾತಾಡಿದೆವು. ತಾರಸಿಯ ಕೋಣೆಯನ್ನು ಬೆಲೆಯ ಲೆಕ್ಕದಿಂದ ಕೈಬಿಡಲು ಅವರು ಬೇಸರವಿಲ್ಲದೆ ಒಪ್ಪಿದರು. ಅನಂತರವೇ ಮುಂಗಡ ಕೊಟ್ಟು, ಕರಾರು ಪತ್ರಕ್ಕೆ ಎರಡೂ ನಕ್ಷೆಗಳನ್ನು ಲಗತ್ತಿಸಿ, ಪ್ರತಿ ಹಾಳೆಗೂ ಅವರದೂ ನಮ್ಮದೂ ಸಹಿ ಹಾಕಿಸಿದೆವು.