“ಪಾಪ, ಇಷ್ಟಪಟ್ಟಿದ್ದಾನೆ” ಎನ್ನುವವರು

ಬೆನ್ನು ಬಿಡದೆ ಹಿಂಬಾಲಿಸುವವರ ಬಗ್ಗೆ ಸಾಕಷ್ಟು ಓದಿದ್ದೇನೆ. ಈಗ ನನ್ನ ಕುತೂಹಲವೆಲ್ಲ ಅವರ ಪರ ವಕಾಲತ್ತು ವಹಿಸುವವರ ಮೇಲೆ.

ಗೆಳತಿಯೊಬ್ಬಳು ತನ್ನ ಪ್ರಿಯಕರನೊಂದಿಗೆ ಸಂಬಂಧ ಕಡಿದುಕೊಂಡ ಮೇಲೆ ಆತ ಹೊಸ ಹೊಸ ನಂಬರುಗಳಿಂದ ಸಂದೇಶ ಕಳಿಸತೊಡಗಿದ. ‘ಒಂದೇ ಸಲ ಮಾತನಾಡು, ಆಮೇಲೆ ತೊಂದರೆ ಕೊಡುವುದಿಲ್ಲ.’ ಒಂದನ್ನು ಬ್ಲಾಕ್ ಮಾಡಿದರೆ ಮತ್ತೊಂದರಿಂದ ಅದೇ ಸಾಲು. ಸಂಜೆ ಕಚೇರಿಯ ಎದುರು ಹೆಲ್ಮೆಟ್ ತೆಗೆಯದೆ ನಿಂತಿರುತ್ತಿದ್ದ. ಊಟದ ಹೊತ್ತಿನಲ್ಲಿ ಅವಳು ಇದನ್ನು ಹೇಳಿದಾಗ ಒಬ್ಬ, “ಪಾಪ, ಅಷ್ಟು ಇಷ್ಟಪಟ್ಟಿದ್ದಾನೆ” ಎಂದು ನಕ್ಕ. ಇನ್ನೊಬ್ಬರು, “ಕೈ ಮಾಡಿಲ್ಲವಲ್ಲ, ಬಿಡು” ಎಂದರು. ಹಿರಿಯರೊಬ್ಬರು, “ನೀನೇನಾದರೂ ಆಸೆ ಹುಟ್ಟಿಸಿದ್ದೆಯೇನಮ್ಮ?” ಎಂದು ಕೇಳಿದರು.

ಈ ಬಗೆಯ ಧೋರಣೆಗಳನ್ನು ಅಳೆಯುವ ಮನಶ್ಶಾಸ್ತ್ರಜ್ಞರು ಹುಡುಕುವುದೂ ಇವೇ ಮೂರನ್ನು: ಅದು ಪ್ರೇಮವೇ, ಗಂಭೀರವಾದದ್ದಲ್ಲ, ತಪ್ಪು ಅವಳದು. ನಮ್ಮ ಒಂದೇ ಮೇಜಿನ ಮೇಲೆ ಮೂರೂ ಸಿಕ್ಕಿದವು!

ಹೀಗೆ ಮಾತಾಡುವವರ ಸ್ವಭಾವವೇ ಕೆಟ್ಟದ್ದಿರಬೇಕು ಎಂದು ಅನ್ನಿಸುವುದು ಸಹಜ. 2002ರಲ್ಲಿ ಪಾಲ್‌ಹಸ್ ಮತ್ತು ವಿಲಿಯಮ್ಸ್ ಎಂಬ ಸಂಶೋಧಕರು ಆತ್ಮರತಿ (ತನ್ನ ಮೇಲೇ ಅತಿಯಾದ ಮೋಹ), ಕುಟಿಲತೆ, ಕರುಣೆಯಿಲ್ಲದ ಸೈಕೋಪಥಿ ಗುಣಗಳನ್ನು ಒಟ್ಟಿಗೆ ‘ಕರಾಳ ತ್ರಿಕೂಟ’ವೆಂದು ಕರೆದರು. ಆತ್ಮರತಿಯವನಿಗೆ ‘ಬೇಡ’ ಎನ್ನುವುದು ಉತ್ತರವಲ್ಲ, ಅವಮಾನ. ಆದರೆ ಆ ಹಿರಿಯರಲ್ಲಿ ಇವು ಯಾವುವೂ ಇರಲಿಲ್ಲ. ಯಾರಿಗೆ ಕಷ್ಟ ಬಂದರೂ ಮೊದಲು ಎದ್ದು ಹೋಗುವ ಮನುಷ್ಯ. ನನ್ನನ್ನು ಕೆಣಕಿದ್ದು ಇದೇ: ಅಂಥ ಮಾತಾಡಲು ಕೆಟ್ಟ ಸ್ವಭಾವವೇ ಬೇಕಿಲ್ಲ, ಕೇಳಿ ಕೇಳಿ ರೂಢಿಯಾದ ನಂಬಿಕೆ ಸಾಕು.

ಅಪರಿಚಿತನಲ್ಲವಲ್ಲ ಎಂಬ ಸಮಾಧಾನವೂ ಪೊಳ್ಳು. ಹಿಂಬಾಲಿಸುವ ಅಪರಿಚಿತರಿಗಿಂತ ಮಾಜಿ ಸಂಗಾತಿಗಳೇ ಹಲ್ಲೆಗೆ ಇಳಿಯುವುದು ಹೆಚ್ಚು. ಹಿಂಬಾಲಿಸುವವರಲ್ಲಿ ಐದು ಬಗೆ ಗುರುತಿಸಿದ ಮನೋವೈದ್ಯ ಪಾಲ್ ಮಲ್ಲೆನ್ ಮತ್ತು ಸಂಗಡಿಗರು, ಅವುಗಳಲ್ಲೊಂದಾದ ‘ತಿರಸ್ಕೃತ’ನಲ್ಲಿ, ಅಂದರೆ ಸಂಬಂಧ ಮುರಿದ ಮೇಲೆ ಬೆನ್ನು ಹತ್ತುವವನಲ್ಲಿ, ರಾಜಿಯ ಆಸೆಯೂ ಸೇಡೂ ಬೆರೆತಿರುತ್ತವೆ ಎಂದಿದ್ದಾರೆ. ಗೆಳತಿಯ ಮೊಬೈಲಿನಲ್ಲಿ ‘ಕ್ಷಮಿಸು’ ಮತ್ತು ‘ನೋಡಿಕೊಳ್ಳುತ್ತೇನೆ’ ಒಂದೇ ರಾತ್ರಿ ಬಂದಿದ್ದವು.

ಅವಳು ಒಮ್ಮೆ ಸ್ಪಷ್ಟವಾಗಿ ಬೇಡವೆಂದು ಬರೆದು ಸುಮ್ಮನಾದಳು. ಬಂದದ್ದನ್ನೆಲ್ಲ ಅಳಿಸದೆ ಇಟ್ಟುಕೊಂಡಳು. ಹತ್ತು ಸಂದೇಶ ನುಂಗಿಕೊಂಡು ಹನ್ನೊಂದಕ್ಕೆ ಉತ್ತರಿಸಿದರೆ, ಹನ್ನೊಂದು ಕಳಿಸಿದರೆ ಕೆಲಸವಾಗುತ್ತದೆ ಎಂದು ಅವನು ಕಲಿಯುತ್ತಾನೆ, ಅಷ್ಟೇ.

ಆಮೇಲೊಂದು ದಿನ ಆ ಹಿರಿಯರು, “ನಾನೇ ಒಮ್ಮೆ ಕರೆದು ಬುದ್ಧಿ ಹೇಳಲೇನಮ್ಮ?” ಎಂದರು.

“ಬೇಡ ಸರ್, ನಿಮ್ಮ ಮೂಲಕ ಅವನು ಮತ್ತೆ ನನ್ನನ್ನು ತಲುಪುತ್ತಾನೆ” ಎಂದಳು ಅವಳು.