ಟೊಮೇಟೊ ಮುಟ್ಟಬಾರದ ಸಂತೆಯಲ್ಲಿ

ಜರ್ಮನಿಯ ಮ್ಯೂನಿಕ್‌ನ ಮರಿಯೆನ್‌ಪ್ಲಾಟ್ಸ್ ಚೌಕದಿಂದ ನಾಲ್ಕು ಹೆಜ್ಜೆ ಹಾಕಿದರೆ ಸಾಕು, ವಿಕ್ಟುಆಲಿಯನ್‌ಮಾರ್ಕ್ಟ್ ಅನ್ನುವ ಸಂತೆ ಸಿಗುತ್ತದೆ. ಮೊದಲು ಸಂತೆ ಚೌಕದಲ್ಲೇ ನೆರೆಯುತ್ತಿತ್ತು. ಅಲ್ಲಿ ಜಾಗ ಸಾಲದೆ 1807ರಲ್ಲಿ ರಾಜನ ಅಪ್ಪಣೆಯಂತೆ ಇಲ್ಲಿಗೆ ಬಂತು.

ನಾನು ಹೋದದ್ದು ಮೇ ತಿಂಗಳಲ್ಲಿ. ಎಲ್ಲಿ ನೋಡಿದರೂ ಬಿಳಿ ಆಸ್ಪರಾಗಸ್ ಅನ್ನುವ ತರಕಾರಿ, ಅವರ ಮಾತಿನಲ್ಲಿ ಶ್ಪಾರ್ಗೆಲ್. ಬಿಸಿಲು ತಾಗಿದರೆ ಬಣ್ಣ ಬರುತ್ತದೆ ಅಂತ ಮಣ್ಣು ಏರಿಸಿ ಬೆಳೆಸುತ್ತಾರೆ. ಜೂನ್ 24ರ ಹೊತ್ತಿಗೆ ಕೊಯ್ಲು ನಿಲ್ಲುತ್ತದೆ. ಮುಂದಿನ ವರ್ಷಕ್ಕೆ ಗಿಡ ಚೇತರಿಸಿಕೊಳ್ಳಬೇಕು. ಹಾಗಾಗಿ ಜನ ನಮ್ಮಲ್ಲಿ ಮಾವಿಗೆ ಮುಗಿಬೀಳುವ ಹಾಗೆ ಕೊಳ್ಳುತ್ತಿದ್ದರು.

ಅಭ್ಯಾಸಬಲದಿಂದ ಟೊಮೇಟೊ ಒತ್ತಿ ನೋಡಲು ಕೈ ಚಾಚಿದೆ. "ನೈನ್, ನೈನ್!" ಅಂದರು ಅಂಗಡಿಯಮ್ಮ, ಅಂದರೆ ಬೇಡ, ಬೇಡ. ಗಿರಾಕಿ ಮುಟ್ಟುವ ಹಾಗಿಲ್ಲ. ಆಮೇಲೆ ಕೇಳಿದರು, "ಇವತ್ತಿಗೋ, ನಾಳೆಗೋ?" ಇವತ್ತಿಗೆ ಅಂದೆ. ಒಂದೊಂದನ್ನೇ ನೋಡಿ ನಾಲ್ಕು ಆರಿಸಿ ಕೊಟ್ಟರು. ನಾನೇ ಆರಿಸಿದ್ದರೂ ಅಷ್ಟು ಒಳ್ಳೆಯದು ಸಿಗುತ್ತಿರಲಿಲ್ಲ. ಬೆಲೆ ಜಾಸ್ತಿಯೇ, ಆದರೆ ಬೇಜಾರಾಗಲಿಲ್ಲ.

ಸಂತೆಯ ನಡುವೆ ಮರಗಳ ಕೆಳಗೆ ಬಿಯರ್ ತೋಟ. ಊರಿನ ಆರು ದೊಡ್ಡ ಬ್ರೂವರಿಗಳ ಬಿಯರ್ ಸರದಿಯ ಮೇಲೆ ಬರುತ್ತದೆ. ತಿಂಡಿ ನಾವೇ ತಂದುಕೊಂಡರೂ ಅಡ್ಡಿಯಿಲ್ಲ. ಗಂಟು ಹಾಕಿ ಸುಟ್ಟ ಬ್ರೆಡ್ಡು ಬ್ರೆಟ್ಸೆಲ್ ಮುರಿದು, ಚೀಸ್-ಬೆಣ್ಣೆ ಕಲಸಿದ ಓಬಾಟ್ಸ್‌ಡಾಗೆ ಅದ್ದಿ ತಿಂದೆ.

ನನ್ನ ಮನಸ್ಸು ನಿಂತದ್ದು ಕಾರಂಜಿಗಳ ಹತ್ತಿರ. ಇಲ್ಲಿ ಆರು ಕಾರಂಜಿಗಳಿವೆ. ಮೇಲೆ ಪ್ರತಿಮೆಯಾಗಿ ನಿಂತವರು ರಾಜರಲ್ಲ, ಸೇನಾಪತಿಗಳಲ್ಲ. ಊರಿನ ಆಡುಮಾತಿನಲ್ಲೇ ಹಾಡಿ ನಗಿಸಿದ ಕಲಾವಿದರು. ಎಂಥ ಒಳ್ಳೆಯ ಯೋಚನೆ ಅಲ್ವಾ? ಕಾರ್ಲ್ ಫಾಲೆಂಟಿನ್ (1882–1948) ಅವರಲ್ಲಿ ಹೆಚ್ಚು ಹೆಸರಾದವರು. ಕಡ್ಡಿಯಂಥ ಮೈ, ಮಾತಿಗೆ ಮಾತು ಹೆಣೆದು ಸಿಕ್ಕು ಮಾಡುವ ಜಾಣ್ಮೆ. ತಮ್ಮ ಹೆಸರನ್ನು 'ವ'ದಿಂದ ಅಲ್ಲ, 'ಫ'ದಿಂದಲೇ ಹೇಳಬೇಕು ಅಂತ ಹಟ ಹಿಡಿಯುತ್ತಿದ್ದರಂತೆ. ಅವರ ಪ್ರತಿಮೆಯ ಹತ್ತಿರ ಹೂವು ಇತ್ತು.

ಅಲ್ಲೇ ಲೀಸ್ಲ್ ಕಾರ್ಲ್‌ಶ್ಟಾಟ್ ಕೂಡ ಇದ್ದಾರೆ. ಎಲಿಜಬೆತ್ ವೆಲಾನೊ ಅನ್ನುವುದು ಹುಟ್ಟುಹೆಸರು, ರಂಗದ ಹೆಸರು ಫಾಲೆಂಟಿನ್ ಇಟ್ಟದ್ದು. ವರ್ಷಗಟ್ಟಲೆ ಅವರ ಜೊತೆ ರಂಗದಲ್ಲಿ ನಿಂತರು, ಗಂಡಸಿನ ವೇಷವನ್ನೂ ಹಾಕಿದರು. ಪ್ರಹಸನಗಳನ್ನು ಕಟ್ಟುವುದರಲ್ಲೂ ಅವರ ಪಾಲಿತ್ತು. ಆದರೂ ಜನ ಮೊದಲು ಹೇಳುವುದು ಫಾಲೆಂಟಿನ್ ಹೆಸರನ್ನೇ.

ಹೂವಿನ ಅಂಗಡಿಗೆ ವಾಪಸ್ ಹೋಗಿ ಒಂದು ಸಣ್ಣ ಕಟ್ಟು ಕೊಂಡೆ. ಲೀಸ್ಲ್ ಕಾರಂಜಿಯ ಅಂಚಿನಲ್ಲಿ ಇಟ್ಟು ಬಂದೆ.