ಪಾಠ ಹೇಳಲು ಕಾಂಬೋಡಿಯಾಕ್ಕೆ ಹೊರಟವರಿಗೆ

ಸಿಯೆಮ್ ರೀಪ್ ಎಂದರೆ ನಮ್ಮವರಿಗೆ ತಕ್ಷಣ ನೆನಪಾಗುವುದು ಅಂಕೋರ್ ವಾಟ್. ಆ ಪಟ್ಟಣದ ಸುತ್ತಲಿನ ಭತ್ತದ ಬಯಲಿನ ಹಳ್ಳಿಗಳಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ಸಣ್ಣ ಸಮುದಾಯ ಶಾಲೆಗಳೂ ಇವೆ. ನಿವೃತ್ತಿಯ ನಂತರ ನಾನೂ ನನ್ನ ಪತಿಯೂ ಅಂಥದೊಂದು ಶಾಲೆಯಲ್ಲಿ ಮಳೆಗಾಲವಿಡೀ ಸಂಬಳವಿಲ್ಲದೆ ಪಾಠ ಮಾಡಿದೆವು. ಹೀಗೆ ಹೋಗಬೇಕೆಂದಿರುವವರು ಈಚೆಗೆ ಹೆಚ್ಚಾಗಿದ್ದಾರೆ. ಅವರಿಗಾಗಿ ಈ ಬರಹ.

ಎಲ್ಲಕ್ಕಿಂತ ಮೊದಲು ಶಾಲೆಯ ಆಯ್ಕೆ. ಅನಾಥಾಲಯದಲ್ಲಿ ಒಂದೆರಡು ವಾರ ಪಾಠ ಹೇಳುವ ಅವಕಾಶ ಕೊಡುತ್ತೇವೆಂದು ಹಣ ಕೇಳುವ ಜಾಹೀರಾತುಗಳ ಗೊಡವೆಗೆ ದಯವಿಟ್ಟು ಹೋಗಬೇಡಿ. ಕಾಂಬೋಡಿಯಾದ ಅನಾಥಾಲಯಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. ಪ್ರವಾಸಿಗರ ದೇಣಿಗೆ ಹರಿದು ಬಂದ ಹಾಗೆಲ್ಲ ಅನಾಥಾಲಯಗಳು ಹೆಚ್ಚಿದವು. ಓದಿನ ಆಸೆಗೆ ಬಡವರು ಮಕ್ಕಳನ್ನು ಅಲ್ಲಿ ಬಿಟ್ಟರು. ಫ್ರೆಂಡ್ಸ್ ಇಂಟರ್‌ನ್ಯಾಷನಲ್ ಸಂಸ್ಥೆಯ ಚೈಲ್ಡ್‌ಸೇಫ್ ಅಭಿಯಾನ ಇದರ ವಿರುದ್ಧ ವರ್ಷಗಳಿಂದ ಎಚ್ಚರಿಸುತ್ತಿದೆ. ಮಕ್ಕಳು ರಾತ್ರಿ ತಮ್ಮ ಮನೆಯಲ್ಲೇ ಮಲಗುವ, ಊರಿನ ಶಿಕ್ಷಕರೇ ನಡೆಸುವ ಶಾಲೆಯನ್ನು ಹುಡುಕಿ. ಅವರು ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಕೇಳಿದರೆ ಸಂತೋಷಪಡಿ. ಕೇಳದ ಶಾಲೆಯ ಬಗ್ಗೆಯೇ ಅನುಮಾನವಿರಲಿ.

ವೀಸಾದಲ್ಲಿ ಎರಡು ಬಗೆಯಿವೆ. ಪ್ರವಾಸಿಗರ 'ಟಿ' ವೀಸಾವನ್ನು ಒಂದೇ ಸಲ, ಒಂದು ತಿಂಗಳ ಮಟ್ಟಿಗೆ ವಿಸ್ತರಿಸಬಹುದು. ಹೆಚ್ಚು ಕಾಲ ಇರುವವರು 'ಇ' ವೀಸಾ ಮಾಡಿಸಬೇಕು. ಅದರ ವಿಸ್ತರಣೆಗೆ ಬೇಕಾದ ಪತ್ರ, ಕೆಲಸದ ಪರವಾನಗಿ ಎರಡನ್ನೂ ಟಿಕೆಟ್ ತೆಗೆಯುವ ಮೊದಲೇ ಶಾಲೆಯವರೊಂದಿಗೆ ಬರವಣಿಗೆಯಲ್ಲಿ ಇತ್ಯರ್ಥ ಮಾಡಿಕೊಳ್ಳಿ. ಬೆಂಗಳೂರಿನಿಂದ ಬ್ಯಾಂಕಾಕ್, ಕೌಲಾಲಂಪುರ ಅಥವಾ ಸಿಂಗಾಪುರದಲ್ಲಿ ವಿಮಾನ ಬದಲಿಸಿ ಹೋಗಬಹುದು. ಬ್ಯಾಂಕಾಕ್‌ನಿಂದ ಬಸ್ಸಿನಲ್ಲಿ ಹೋಗುವ ಹಳೆಯ ದಾರಿಯನ್ನು ನೆಚ್ಚಬೇಡಿ. 2025ರ ಥಾಯ್ಲೆಂಡ್-ಕಾಂಬೋಡಿಯಾ ಗಡಿ ಸಂಘರ್ಷದಲ್ಲಿ ಅದು ಮುಚ್ಚಿತು. ಸಿಯೆಮ್ ರೀಪ್‌ನ ಹೊಸ ವಿಮಾನ ನಿಲ್ದಾಣ ಶುರುವಾದದ್ದು 2023ರಲ್ಲಿ. ಪಟ್ಟಣಕ್ಕೆ ಅಲ್ಲಿಂದ 40 ಕಿಲೋಮೀಟರಿಗೂ ಹೆಚ್ಚು ದೂರವಿರುವುದರಿಂದ ರಾತ್ರಿ ತಡವಾಗಿ ಇಳಿಯುವವರು ವಾಹನವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಹಣದ ವಿಷಯ ಸುಲಭ. ಡಾಲರ್, ರಿಯಲ್ ಎರಡೂ ನಡೆಯುತ್ತವೆ. ಡಾಲರಿಗೆ ಸುಮಾರು 4,000 ರಿಯಲ್. ಆದರೆ ಅಂಚು ಹರಿದ ಡಾಲರ್ ನೋಟನ್ನು ಯಾರೂ ಮುಟ್ಟುವುದಿಲ್ಲ.

ಸರಕಾರಿ ಶಾಲೆಗಳು ಅಲ್ಲಿ ಎರಡು ಪಾಳಿಯಲ್ಲಿ ನಡೆಯುತ್ತವೆ. ಬೆಳಿಗ್ಗೆ ಶಾಲೆಗೆ ಹೋದ ಮಗು ಮಧ್ಯಾಹ್ನ ನಮ್ಮಲ್ಲಿಗೆ, ಮಧ್ಯಾಹ್ನ ಹೋಗುವ ಮಗು ಬೆಳಿಗ್ಗೆ ನಮ್ಮಲ್ಲಿಗೆ ಬರುತ್ತಿತ್ತು. ಸಂಜೆ ಐದರ ನಂತರ ದೊಡ್ಡ ಮಕ್ಕಳು. ಹನ್ನೊಂದರಿಂದ ಒಂದು ಗಂಟೆಯವರೆಗೆ ಊರಿಗೆ ಊರೇ ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ಮನೆಗಳ ಕೆಳಗೆ ಜೋಳಿಗೆಯಂಥ ತೂಗುಹಾಸಿಗೆಗಳಲ್ಲಿ ಮಲಗಿರುತ್ತದೆ. ಆ ಹೊತ್ತಿನಲ್ಲಿ ಯಾರ ಮನೆಗೂ ಹೋಗಬೇಡಿ; ನೀವೂ ಮಲಗಿ. ಸೆಕೆ ಹಾಗಿರುತ್ತದೆ.

ಇನ್ನು ಪಾಠ. ಕಾಂಬೋಡಿಯಾದವರ ಭಾಷೆಯಾದ ಖ್ಮೇರ್ ಮಾತಿನಲ್ಲಿ ಪದದ ಕೊನೆಯ ವ್ಯಂಜನ ಪೂರ್ತಿಯಾಗಿ ಹೊರಗೆ ಬರುವುದಿಲ್ಲ, ಬಾಯಲ್ಲೇ ನಿಲ್ಲುತ್ತದೆ. ನಮ್ಮ ತರಗತಿಯ ಒಬ್ಬ ಹುಡುಗಿ ರೈಸ್, ರೈಟ್, ರೈಡ್ ಮೂರನ್ನೂ 'ರೈ' ಎಂದೇ ಓದುತ್ತಿದ್ದಳು. ಎಷ್ಟು ತಿದ್ದಿದರೂ ಅಷ್ಟೇ. ಕಡೆಗೆ ಕೈಹಿಡಿದದ್ದು ನಮ್ಮ ಕನ್ನಡದ ನಾಲಗೆ. ಬಸ್ಸು, ರೈಸು, ಲೈಟು ಎಂದು ಪ್ರತಿ ಪದಕ್ಕೂ ಉಕಾರ ಸೇರಿಸುವ ಅಭ್ಯಾಸ ನಮಗಿದೆಯಲ್ಲ, ಮೊದಲು ಹಾಗೆಯೇ ಹೇಳಿಸಿದೆ. 'ರೈಸು' ಗಟ್ಟಿಯಾದ ಮೇಲೆ ಬೆರಳನ್ನು ತುಟಿಗಿಟ್ಟು ಆ ಉಕಾರವನ್ನು ನಿಲ್ಲಿಸಿದೆ. 'ಸ್' ಉಳಿಯಿತು! ಇಡೀ ತರಗತಿ ಚಪ್ಪಾಳೆ ತಟ್ಟಿತು. ನಮ್ಮ ಉಚ್ಚಾರಣೆ ಭಾರತೀಯರದು ಎಂದು ಹಿಂಜರಿಯುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಈ ಮಕ್ಕಳು ಮುಂದೆ ಹೋಟೆಲಿನಲ್ಲೋ ಅಂಗಡಿಯಲ್ಲೋ ಕೊರಿಯಾ, ಫ್ರಾನ್ಸ್, ಚೀನಾದ ಜನರೊಂದಿಗೆ ಇಂಗ್ಲಿಷ್ ಆಡಬೇಕಾದವರು. ನಿಧಾನವಾಗಿ, ಬಿಡಿಬಿಡಿಯಾಗಿ ಮಾತಾಡುವವರು ಅವರಿಗೆ ಬೇಕು.

ಖ್ಮೇರ್ ಕ್ರಿಯಾಪದಕ್ಕೆ ಕಾಲದ ಪ್ರತ್ಯಯವಿಲ್ಲ, ನಾಮಪದಕ್ಕೆ ಬಹುವಚನದ ಪ್ರತ್ಯಯವೂ ಇಲ್ಲ. ಹಾಗಾಗಿ ವ್ಯಾಕರಣವನ್ನು ವಿವರಿಸುವ ಕೆಲಸ ಊರಿನ ಶಿಕ್ಷಕರದೇ ಆಗಬೇಕು, ಮಾತಾಡಿಸುವ ಕೆಲಸ ನಮ್ಮದು. ನಮ್ಮ ಜೊತೆಗಿದ್ದ ಯುವ ಶಿಕ್ಷಕನೊಂದಿಗೆ ಸಂಜೆ ಕುಳಿತು ಮರುದಿನದ ಪಾಠವನ್ನು ತಯಾರಿಸುತ್ತಿದ್ದೆವು. ನಾವು ಮಾಡಿದ್ದರಲ್ಲಿ ನಿಜಕ್ಕೂ ಬೆಲೆಯುಳ್ಳದ್ದು ಅದೇ ಎಂದು ನನ್ನ ನಂಬಿಕೆ. ಆತ ಅಲ್ಲೇ ಇರುತ್ತಾನೆ. ನಾವು ಹೊರಟು ಬರುವವರು. ಅವನನ್ನು ಬದಿಗೆ ಸರಿಸಿ ವಿದೇಶಿಯೇ ತರಗತಿ ನಡೆಸಲಿ ಎನ್ನುವ ಶಾಲೆಯಾದರೆ ಒಪ್ಪಬೇಡಿ.

ಮಳೆ ಬಂದರೆ ತಗಡಿನ ಸೂರಿನ ಕೆಳಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದು. ಆ ಹೊತ್ತಿಗೆಂದೇ ಚಿತ್ರ ನೋಡಿ ವಾಕ್ಯ ಬರೆಯುವ ಅಭ್ಯಾಸಗಳನ್ನು ಸಿದ್ಧವಾಗಿಟ್ಟುಕೊಳ್ಳಿ. 'ನನ್ನ ಕುಟುಂಬ' ಎಂಬ ಪಾಠವನ್ನು ಮೆಲ್ಲಗೆ ಮಾಡಿ. ಅನೇಕ ಮಕ್ಕಳ ತಂದೆ ತಾಯಿ ದುಡಿಯಲು ದೂರ ಹೋಗಿರುತ್ತಾರೆ, ಮಕ್ಕಳು ಅಜ್ಜಿಯ ಬಳಿ ಬೆಳೆಯುತ್ತಿರುತ್ತಾರೆ. ಆ ಅಜ್ಜಿಯಂದಿರು 1975ರಿಂದ 1979ರವರೆಗಿನ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಗುಂಪಿನ ಆಳ್ವಿಕೆಯನ್ನು ಕಂಡವರು. ಆಗ ಶಾಲೆಗಳು ಮುಚ್ಚಿದ್ದವು, ಶಿಕ್ಷಕರನ್ನು ಹುಡುಕಿ ಕೊಂದಿದ್ದರು. ಅವರಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ, ಕೆದಕಬೇಡಿ.

ಸಸ್ಯಾಹಾರಿಗಳಿಗೆ ಹಳ್ಳಿಯಲ್ಲಿ ಕಷ್ಟವಿದೆ. ಬರೀ ಸೊಪ್ಪಿನ ಪಲ್ಯದಲ್ಲೂ ಮೀನಿನ ಸಾಸ್ ಅಥವಾ ಪ್ರಹೋಕ್ ಎಂಬ ಹುಳಿಬರಿಸಿದ ಮೀನಿನ ಪೇಸ್ಟ್ ಇರುತ್ತದೆ. ನಾವು ಸಣ್ಣ ಗ್ಯಾಸ್ ಒಲೆ ಕೊಂಡು ಅಡುಗೆ ಮಾಡಿಕೊಂಡೆವು. ಅಕ್ಕಿ, ತೆಂಗಿನಕಾಯಿ, ಹುಣಸೆ, ಬದನೆ, ಕುಂಬಳ, ಅಲಸಂದೆ ಕೋಡು, ನುಗ್ಗೆಸೊಪ್ಪು ಎಲ್ಲವೂ ಸಂತೆಯಲ್ಲಿ ಸಿಗುತ್ತವೆ. ತೊಗರಿಬೇಳೆ, ಸಾರಿನ ಪುಡಿ ಮಾತ್ರ ಊರಿನಿಂದಲೇ ಒಯ್ಯಿರಿ. ರೇಬೀಸ್ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿಕೊಂಡು ಹೊರಡಿ. ಮಳೆಗಾಲದಲ್ಲಿ ಡೆಂಗಿ ಇರುವುದರಿಂದ ಸೊಳ್ಳೆಪರದೆ, ತುಂಬುತೋಳಿನ ಬಟ್ಟೆ ಬೇಕೇಬೇಕು.

ಮಕ್ಕಳ ತಲೆ ಸವರಬೇಡಿ. ಪ್ರೀತಿಯಿಂದ ಮಾಡಿದರೂ ಅಲ್ಲಿ ಅದು ಅಗೌರವ. ಕೈಮುಗಿದು ನಮಸ್ಕರಿಸುವುದು ನಮ್ಮಂತೆಯೇ. ಖ್ಮೇರ್ ವರ್ಣಮಾಲೆಯೂ ಕ, ಖ, ಗ, ಘ ಎಂಬ ನಮ್ಮ ಕ್ರಮದಲ್ಲೇ ಇದೆ, ಮಕ್ಕಳ ಹೆಸರನ್ನಾದರೂ ಓದಲು ಕಲಿಯಿರಿ. ಭಾದ್ರಪದದ ಕೃಷ್ಣಪಕ್ಷದಲ್ಲಿ, ನಾವು ಪಿತೃಪಕ್ಷ ಆಚರಿಸುವ ಹೊತ್ತಿಗೇ, ಅಲ್ಲಿ ಪ್ಚುಂ ಬೆನ್ ನಡೆಯುತ್ತದೆ. ಪಗೋಡಗಳಲ್ಲಿ ಹಿರಿಯರಿಗೆ ಅನ್ನದ ಉಂಡೆ ಇಡುತ್ತಾರೆ. ಕೊನೆಯ ದಿನಗಳಲ್ಲಿ ಶಾಲೆ ಇರುವುದಿಲ್ಲ. ಏಪ್ರಿಲ್ ಮಧ್ಯದ ಹೊಸ ವರ್ಷಕ್ಕೂ ಹಾಗೆಯೇ. ಪ್ರಯಾಣದ ದಿನಾಂಕವನ್ನು ಇವುಗಳನ್ನು ನೋಡಿಕೊಂಡು ನಿಗದಿಮಾಡಿ.

ಹೊರಡುವ ದಿನವನ್ನು ಮಕ್ಕಳಿಗೆ ಬಹಳ ಮೊದಲೇ ತಿಳಿಸಿ. ಯಾವ ತರಗತಿಗೆ ಯಾವ ಪಾಠ ಎಲ್ಲಿಯವರೆಗೆ ಆಗಿದೆ, ಯಾವ ಮಗುವಿಗೆ ಏನು ಕಷ್ಟ ಎಂದು ಒಂದು ಪುಸ್ತಕದಲ್ಲಿ ಬರೆದು ಶಿಕ್ಷಕರ ಕೈಗೆ ಕೊಟ್ಟು ಬನ್ನಿ. ಇಲ್ಲದಿದ್ದರೆ ಮುಂದೆ ಬರುವವರು ಮತ್ತೆ 'ವಾಟ್ ಈಸ್ ಯುವರ್ ನೇಮ್' ಇಂದಲೇ ಶುರುಮಾಡುತ್ತಾರೆ. ಆ ಮಕ್ಕಳು ಅದನ್ನು ಈಗಾಗಲೇ ಹಲವು ವಿದೇಶಿಯರಿಂದ ಕಲಿತಾಗಿದೆ.